ಬಾಗಿಲಿಲ್ಲದ ಕೋಟೆಗೆ ಬಂದವರು

ಧರಣೇಂದ್ರಯ್ಯನವರ ಹೆಸರನ್ನು ನೀವು ಕೇಳಿರಲಾರಿರಿ. ಕೇಳಿದವರೇ ಕಡಿಮೆ. ನಾನು ಎಂ.ಎ. ಓದುವಾಗ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅವರದೊಂದು ಪುಸ್ತಕ ಕೈಗೆ ಸಿಕ್ಕಿತ್ತು. ಹಳೆಯ ಕೋಟೆಗಳು ಮತ್ತು ಅವುಗಳ ಐತಿಹ್ಯಗಳ ಬಗ್ಗೆ. ಒರಟು ಕಾಗದ, ಸೊಟ್ಟಗೆ ಅಚ್ಚಾದ ಪುಟಗಳು. ಹಿಂದೆ ಅಂಟಿಸಿದ ಚೀಟಿಯ ಮೇಲೆ ಯಾರೂ ಒಯ್ದ ಗುರುತಿರಲಿಲ್ಲ, ನಾನೇ ಮೊದಲು. ನಮ್ಮ ಪ್ರೊಫೆಸರು ಅದನ್ನು ನನ್ನ ಕೈಯಲ್ಲಿ ಕಂಡು ನಕ್ಕರು. ಅಜ್ಜಿಕಥೆ ಓದಲು ಎಂ.ಎ. ಯಾಕೆ ಎಂದರು.

ಆದರೂ ಓದಿದೆ. ಒಂದೊಂದು ಕೋಟೆಯ ಬಗ್ಗೆ ಅಲ್ಲಿನ ಜನ ಏನು ಹೇಳುತ್ತಾರೋ ಅದನ್ನು ಅವರು ಹೇಳಿದ ಹಾಗೆಯೇ ಬರೆದಿದ್ದರು. ತಿದ್ದಿರಲಿಲ್ಲ, ಮೆರುಗು ಕೊಟ್ಟಿರಲಿಲ್ಲ. ಜನ ಮರೆತ ಕಡೆ ತಾವೊಂದು ಕಟ್ಟಿ ತುಂಬಿಸಿರಲಿಲ್ಲ. ರಾಣಿ ಬುರುಜಿನಿಂದ ಹಾರಿದಳು ಎಂದು ಊರವರು ಹೇಳಿದ್ದರೆ ಹಾರಿದಳು. ಯಾಕೆ ಎಂದು ಅವರು ಹೇಳದಿದ್ದರೆ ಯಾಕೆ ಎಂಬುದು ಪುಸ್ತಕದಲ್ಲೂ ಇಲ್ಲ. ಆಮೇಲೆ ತಾವು ಕಣ್ಣಾರೆ ಕಂಡದ್ದು: ಬುರುಜಿನ ಬಿರುಕಿನಲ್ಲಿ ಎದ್ದ ಅರಳಿ ಸಸಿ, ದಿಡ್ಡಿ ಬಾಗಿಲ ನೆರಳಲ್ಲಿ ಪುಟಾಣಿ ಮಾರುವವಳು, ಫಿರಂಗಿಯ ಮೇಲೆ ಒಣಗಲು ಹಾಕಿದ ಕೌದಿ. ಓದಿ ಮುಗಿಸಿದಾಗ ಆ ಕೋಟೆಗಳಿಗೆಲ್ಲ ಹೋಗಿ ಬಂದ ದಣಿವಾಗಿತ್ತು.

ಆ ಮನುಷ್ಯ ಒಂದು ದಿನ ನಾನು ಮದುವೆಯಾಗಿ ಬಂದ ಊರಿಗೇ ಬಂದರು.

ಈ ಊರಿನ ಕೋಟೆಗೆ ಬಾಗಿಲಿಲ್ಲ. ದಿಡ್ಡಿಯಿಲ್ಲ, ಕಿಂಡಿಯಿಲ್ಲ, ಸುತ್ತ ಬರಿಯ ಗೋಡೆ. ಊರಿನ ಬಾವಿಗಳೆಲ್ಲ ಸವುಳು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಚಹಾ ಒಡೆಯುತ್ತದೆ. ಸಿಹಿ ನೀರಿರುವುದು ಕೋಟೆಯೊಳಗಿನ ಹೊಂಡದಲ್ಲಿ. ಹಾಗಾಗಿ ಬೆಳಗಾದರೆ ಮನೆಗಿಬ್ಬರಂತೆ ಜನ ಗೋಡೆಯ ಬುಡಕ್ಕೆ ಬರುತ್ತಾರೆ. ಒಬ್ಬರು ಕೂತು ತಮ್ಮ ಮನೆಯ ಕಥೆ ಹೇಳುತ್ತಾರೆ. ಇನ್ನೊಬ್ಬರು ಕೊಡ ಹಿಡಿದು ಎದುರಿಗೆ ನಿಂತು ಕೇಳುತ್ತಾರೆ. ಕಥೆ ಹಿಡಿದುಕೊಂಡಿತೆಂದರೆ ಕೇಳುವವರು ಕೋಟೆಯೊಳಗಿರುತ್ತಾರೆ. ಕಥೆ ಮುಗಿದರೆ ಹೊರಗಿರುತ್ತಾರೆ. ಅಷ್ಟರಲ್ಲಿ ನೀರು ತುಂಬಿಕೊಂಡಿರಬೇಕು.

ಗಂಡ ಅವಸರದವನಾದರೆ ಹೆಂಡತಿ ಅರ್ಧ ಕೊಡ ತರುತ್ತಾಳೆ. ಗಂಡು ನೋಡುವಾಗ ಈ ಊರಿನವರು ಹೊಲ ವಿಚಾರಿಸುವುದಿಲ್ಲ, ಗಂಟಲು ವಿಚಾರಿಸುತ್ತಾರೆ. ಕೇಳುವವರು ಒಳಹೋದ ಮೇಲೆ ಕಥೆ ಹೇಳುವವರನ್ನು ಯಾರೂ ಮಾತನಾಡಿಸಬಾರದು. ಅವರಿಗೇ ಶೀನು ಬಂದರೆ ಕಥೆಯೊಳಗೆ ಯಾರಿಗೋ ಶೀನು ಬಂತೆಂದು ಸೇರಿಸಿ ಮುಂದೆ ಹೋಗಬೇಕು. ಹೀಗಾಗಿ ಇಲ್ಲಿನ ರಾಜರಿಗೆಲ್ಲ ನೆಗಡಿ ಜಾಸ್ತಿ.

ನನ್ನ ಗಂಡ ಕಲ್ಮೇಶ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿದ್ದ. ಅವನ ಮನೆಯ ಕಥೆ ಕೋಟೆ ಕಾಯುವ ಕಿಲ್ಲೇದಾರನದು. ಕೋಟೆಗೆ ಮುತ್ತಿಗೆ ಬಿದ್ದು ಹೊಂಡ ತಳ ಕಂಡಾಗ ಕಿಲ್ಲೇದಾರ ತಾನೇ ಕೊಡ ಹೊತ್ತು ಬುರುಜಿನಿಂದ ಬುರುಜಿಗೆ ಹೋಗಿ ಎಲ್ಲರಿಗೂ ಕುಡಿಸಿದ. ಕುದುರೆಗಳಿಗೂ ಕುಡಿಸಿದ. ತನ್ನ ಪಾಳಿ ಬಂದಾಗ ಕೊಡ ಬರಿದಾಗಿತ್ತು. ಹೊಂಡದ ಮೆಟ್ಟಿಲ ಮೇಲೆ ಒರಗಿದ, ಮತ್ತೆ ಏಳಲಿಲ್ಲ. ಇಷ್ಟೇ. ಇಷ್ಟರಲ್ಲಿ ಒಂದು ತಂಬಿಗೆ ತುಂಬಬಹುದು, ಕೊಡ ತುಂಬುವುದಿಲ್ಲ. ಕಲ್ಮೇಶ ಕಥೆಯನ್ನು ಬೆಳೆಸುತ್ತಿದ್ದ. ಕಿಲ್ಲೇದಾರನಿಗೆ ಹಲ್ಲುನೋವು ಬರಿಸುತ್ತಿದ್ದ, ಕುದುರೆಯ ಜೊತೆ ಜಗಳ ಹಚ್ಚುತ್ತಿದ್ದ.

ಹೊಸದಾಗಿ ಬಂದಾಗ ನಾನು ಕೇಳಿದ್ದೆ, “ಇದಕ್ಕೆಲ್ಲ ಶಾಸನದ ಆಧಾರ ಇದೆಯಾ?”

“ಶಾಸನ ಕೆತ್ತಾಂವಗ ಕಿಲ್ಲೇದಾರನ ಹಲ್ಲುನೋವು ಗೊತ್ತಿರತದೇನು? ಎಮ್ಮೆ ಮಾಡಿದಾಕಿ, ಕೊಡಾ ಹಿಡಿ,” ಎಂದ. ಎಂ.ಎ. ಎನ್ನುವುದನ್ನು ಅವನು ಎಂದೂ ಸರಿಯಾಗಿ ಹೇಳಲಿಲ್ಲ. ನಗುತ್ತಿದ್ದ ಹಾಗೆಯೇ ನಾನು ಹೊಂಡದ ಮೆಟ್ಟಿಲ ಮೇಲಿದ್ದೆ.

ಆಮೇಲೆ ಅವನಿಗೆ ಕಾಮಾಲೆಯಾಯಿತು. ಮುಂದಿನದನ್ನು ಊರೆಲ್ಲ ಹೇಳಿತು. ಕುಂಕುಮವಿಲ್ಲದ ನನ್ನ ಹಣೆ ನೋಡಿ ಹೇಳಿತು, ಅಂಗಡಿಯ ಬೀಗ ನೋಡಿ ಹೇಳಿತು. ನಾನು ಹೇಳಲಿಲ್ಲ.

ಅತ್ತೆ ನಿಂಬೆವ್ವ ಅಂದಿನಿಂದ ಕಿಲ್ಲೇದಾರನ ಕಥೆಯನ್ನು ಬಾಯಿಗೆ ತರಲಿಲ್ಲ. “ಅದರ ಕಡೀಕ ಏನೈತಿ ಅಂತ ನನಗ ಗೊತ್ತು. ನಾ ಹೇಳಾಕಿ ಅಲ್ಲ,” ಎಂದಳು. ಓಣಿಯವರು ಕರುಣೆಯಿಂದ ತಮ್ಮ ತಮ್ಮ ಕಥೆಗಳನ್ನು ನನಗೆ ಹೇಳಿ ನೋಡಿದರು. ರಾಣಿಯ ಕಥೆ, ಹಾವಿನ ಕಥೆ, ಹೂತಿಟ್ಟ ಹೊನ್ನಿನ ಕಥೆ. ನಾನು ಕೊಡ ಹಿಡಿದು ನಿಂತೇ ಇರುತ್ತಿದ್ದೆ. ಮಾತು ಕಿವಿಗೆ ಬೀಳುತ್ತಿತ್ತು, ಅರ್ಥವೂ ಆಗುತ್ತಿತ್ತು. ಕಥೆ ಮುಗಿದಾಗ ನಾನು ನಿಂತ ಜಾಗದಲ್ಲೇ ಇರುತ್ತಿದ್ದೆ. ಹೇಳಿದವರಿಗೆ ಅವಮಾನ. ಬರಬರುತ್ತ ಹೇಳುವುದನ್ನು ಬಿಟ್ಟರು.

ಮಂಡಿನೋವಿನ ಅತ್ತೆ ಕೊಡ ಹೊರಲಾರಳು. ನಮ್ಮ ಮನೆಯಲ್ಲಿ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ ಎಂದಾಯಿತು. ಯಾವ ಮನೆಯ ನೀರನ್ನು ಆ ಮನೆಯವರೇ ಒಳಹೋಗಿ ತರಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಯವರೆಗೆ ಒಂದು ಕೊಡವೂ ಬರದಿದ್ದರೆ ಗೋಡೆಯ ಬುಡದಲ್ಲಿ ಆ ಮನೆಯ ಜಾಗ ಇನ್ನೊಬ್ಬರಿಗೆ. ಜಾಗ ಹೋದ ಮನೆಯವರು ಸವುಳು ಕುಡಿದು ಒಂದಿಷ್ಟು ಕಾಲ ತಡೆದುಕೊಂಡು, ಕೊನೆಗೆ ಊರು ಬಿಡುತ್ತಾರೆ. ಹೊಂಡದ ಕಾವಲು ನೀರಗಂಟಿ ರುದ್ರವ್ವನದು. ಅವಳು ಮನೆಗೆ ಬಂದು, ಕೂರದೆ, ಹೊಸ್ತಿಲಲ್ಲೇ ನಿಂತು ಹೇಳಿದಳು. “ನಿಂಬೆಕ್ಕಾ, ನಾಡದು ಅಮಾಸಿ. ನನ್ನ ಮ್ಯಾಲ ಸಿಟ್ಟಾಗಬ್ಯಾಡ.”

“ಎಲ್ಲಿಗೆ ಹೋಗ್ಲೆವ್ವಾ ನಾನು? ನನ್ನ ಮಗನ ಮಣ್ಣು ಇಲ್ಲೈತಿ,” ಎಂದಳು ಅತ್ತೆ.

ರುದ್ರವ್ವ ಹೊಸ್ತಿಲಿಂದ ಇಳಿದು ಹೋದಳು. ನಾನು ಟ್ರಂಕು ತೆಗೆದು ಸೀರೆ ಮಡಿಸತೊಡಗಿದೆ.

ಧರಣೇಂದ್ರಯ್ಯನವರು ಬಂದದ್ದು ಮಾರನೆಯ ಬೆಳಿಗ್ಗೆ. ತೆಳ್ಳಗಿನ ಮುದುಕರು, ಬಿಳಿ ಟೋಪಿ, ಹೆಗಲಿಗೆ ಬಟ್ಟೆಯ ಚೀಲ. ಗೋಡೆಯನ್ನು ಪೂರ್ತಿ ಸುತ್ತು ಹಾಕಿ ಬಂದು, ಬೆವರು ಒರೆಸಿಕೊಳ್ಳುತ್ತ ರುದ್ರವ್ವನನ್ನು ಕೇಳಿದರಂತೆ: “ತಂಗೀ, ಬಾಗಲಾ ಎಲ್ಲೈತಿ?”

“ಬಾಗಲಾ ಇಲ್ರೀ. ಇಲ್ಲಿ ನಿಂದರ್ರಿ, ಹೇಳ್ತೀನಿ. ಒಂದೂರಾಗ ಒಬ್ಬ ರಾಣಿ...” ಎನ್ನುವಷ್ಟರಲ್ಲಿ ಎದುರಿಗೆ ಮುದುಕರಿರಲಿಲ್ಲ. ರುದ್ರವ್ವ ಹುಟ್ಟಿದಾಗಿನಿಂದ ಈ ಕೆಲಸ ನೋಡಿದವಳು. ಒಂದೇ ಮಾತಿಗೆ ಒಳಹೋದವರನ್ನು ಕಂಡಿರಲಿಲ್ಲ. ಹೆದರಿಕೆಯಿಂದ ಕಥೆಯನ್ನು ಗಡಿಬಿಡಿಯಲ್ಲಿ ಮುಗಿಸಿದಳು. ಮುದುಕರು ಹೊರಬಂದರು. ಧೋತರದ ಅಂಚು ಒದ್ದೆಯಾಗಿತ್ತು.

“ಯಾಕವ್ವಾ ಇಷ್ಟ ಲಗೂನ ಮುಗಿಸಿದಿ? ಇನ್ನೂ ಆ ಕಡೀ ಕಮಾನು ನೋಡೋದಿತ್ತಲ್ಲ,” ಎಂದರಂತೆ.

ಊಟಕ್ಕೆ ಎಲ್ಲಿ ಎಂಬ ಮಾತು ಬಂದಾಗ ಯಾರೋ ನಮ್ಮ ಮನೆ ತೋರಿಸಿದರು. ಎಷ್ಟೇ ಕಷ್ಟವಿರಲಿ, ಬಂದವರನ್ನು ಅತ್ತೆ ಹಾಗೆಯೇ ಕಳಿಸುವವಳಲ್ಲ. ಸವುಳು ನೀರಲ್ಲಿ ಕಲಸಿದ ರೊಟ್ಟಿ, ಅಗಸಿ ಚಟ್ನಿ ಬಡಿಸಿದಳು. ಉಪ್ಪು ಹಾಕದಿದ್ದರೂ ರೊಟ್ಟಿ ಉಪ್ಪುಪ್ಪಾಗಿತ್ತು. ಅವರು ಚೀಲದಿಂದ ಬಿಳಿ ಅರಿವೆ ತೆಗೆದು ತಂಬಿಗೆಗೆ ಹಿಡಿದು ನೀರು ಸೋಸಿ ಕುಡಿದರು.

“ಸೋಸಿದ್ರ ಉಪ್ಪು ಹೋಗಂಗಿಲ್ರೀ,” ಎಂದಳು ಅತ್ತೆ.

“ಉಪ್ಪಿಗಲ್ಲವ್ವಾ. ಹುಳಾ ಹುಪ್ಪಡಿ ಸಾಯಬಾರದು ಅಂತ. ನಾವು ಜೈನರು.”

ಹೆಸರು ಹೇಳಿದಾಗ ನಾನು ಒಳಗಿನಿಂದ ಹೊರಗೆ ಬಂದೆ. “ನಿಮ್ಮ ಪುಸ್ತಕ ಓದಿದ್ದೇನೆ,” ಎಂದೆ.

ಅವರು ಕೈಯಲ್ಲಿದ್ದ ರೊಟ್ಟಿಯನ್ನು ಕೆಳಗಿಟ್ಟರು. “ಓದೀಯೇನು?” ಎಂದರು. ತುಂಬ ಹೊತ್ತು ನನ್ನನ್ನೇ ನೋಡಿ ನಕ್ಕರು. “ರೇಲ್ವೆ ಪಾರ್ಸಲ್ ಆಫೀಸಿನಾಗ ಇದ್ದೆ. ಪಾಸು ಸಿಗತಿತ್ತು, ಕೋಟಿ ನೋಡಾಕ ಹೋಗತಿದ್ದೆ. ಅಚ್ಚು ಹಾಕಿಸಿದ ಪುಸ್ತಕ ಎಲ್ಲಾ ಮನ್ಯಾಗ ಮಂಚದಂಗ ಜೋಡಿಸೇವಿ. ಅದರ ಮ್ಯಾಲ ಮಲಗಿದವರು ಭಾಳ ಮಂದಿ. ಓದಿದಾಕಿ ನೀ ಒಬ್ಬಾಕೀನ ನೋಡು.”

ಅತ್ತೆ ನಕ್ಕಳು. ಆ ಮನೆಯಲ್ಲಿ ನಗುವಿನ ಸಪ್ಪಳ ಕೇಳಿ ಎಷ್ಟೋ ದಿನವಾಗಿತ್ತು. ಆಮೇಲೆ ನಗು ಅಳುವಾಗಿ, ಎಲ್ಲವನ್ನೂ ಅವರ ಮುಂದೆ ಹೇಳಿಕೊಂಡಳು. ನಾಳೆಯ ಅಮಾವಾಸ್ಯೆ, ಗೋಡೆಯ ಜಾಗ, ಎಷ್ಟು ಕಥೆ ಹೇಳಿದರೂ ಒಳಹೋಗದ ಸೊಸೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಸಮಾಧಾನ ಹೇಳಲಿಲ್ಲ. ಎದ್ದು, “ಬಾ ಮಗಳ, ನಾನೊಂದು ಹೇಳಿ ನೋಡ್ತೀನಿ,” ಎಂದರು.

ಗೋಡೆಯ ಬುಡದಲ್ಲಿ ಕೂತು ದೂರದ ಯಾವುದೋ ಕೋಟೆಯ ಕಥೆ ಹೇಳಿದರು. ನಾನು ಪುಸ್ತಕದಲ್ಲಿ ಓದಿದ್ದೇ. ಚೆನ್ನಾಗಿ ಹೇಳಲಿಲ್ಲ. ತಡವರಿಸಿದರು, ಇಸವಿ ನೆನಪಿಸಿಕೊಳ್ಳುತ್ತ ನಿಂತರು. ಬರೆಯುವಾಗ ಅಷ್ಟು ಸಲೀಸಾದ ಮನುಷ್ಯನಿಗೆ ಹೇಳಲು ಬರುತ್ತಿರಲಿಲ್ಲ. ನಾನು ಕೊಡ ಹಿಡಿದು ನಿಂತೇ ಇದ್ದೆ.

“ಆಗಲಿಲ್ಲ,” ಎಂದರು ಅವರು. ಬೇಸರವೇನೂ ಕಾಣಲಿಲ್ಲ. “ನಾ ಹೇಳಾಂವ ಅಲ್ಲವ್ವಾ, ಕೇಳಾಂವ. ಕೇಳಿದ್ದನ್ನ ಬರದೀನಿ ಅಷ್ಟ. ಕೊಡಾ ಇತ್ತ ತಾ. ನೀ ಕುಂಡ್ರು, ಹೇಳು.”

ಸೊಸೆಯಾಗಿ ಬಂದವರು ಇಲ್ಲಿ ಹೇಳಿದ್ದೇ ಇಲ್ಲ. ನಾನು ರುದ್ರವ್ವನ ಕಡೆ ನೋಡಿದೆ. ಅವಳು ಅವರನ್ನು ಕೇಳಿದಳು: “ಇವರ ಮನೀ ರೊಟ್ಟಿ ತಿಂದೀರೇನ್ರಿ?”

“ತಿಂದೀನಿ. ಚಟ್ನಿ ಎರಡನೇ ಸಲ ಹಾಕಿಸಿಕೊಂಡೀನಿ.”

“ಹಂಗಾದ್ರ ನೀವು ಆ ಮನ್ಯಾವ್ರು. ಹೇಳವ್ವಾ ಮಂದಾ, ನನ್ನ ಅಡ್ಡಿ ಇಲ್ಲ.”

ನಾನು ಕೂತೆ. “ಒಬ್ಬ ಕಿಲ್ಲೇದಾರನಿದ್ದ,” ಎಂದೆ. ಪರೀಕ್ಷೆಯ ಉತ್ತರ ಒಪ್ಪಿಸಿದ ಹಾಗಿತ್ತು ನನ್ನ ದನಿ. ಕೋಟೆಗೆ ಮುತ್ತಿಗೆ ಬಿತ್ತು, ಹೊಂಡ ಬತ್ತಿತು ಎಂದೆ. ಅವರು ಕೊಡ ಹಿಡಿದು ಎದುರಿಗೇ ನಿಂತಿದ್ದರು. ಒಂದೇ ಮಾತಿಗೆ ಒಳಹೋಗುವ ಮನುಷ್ಯನನ್ನು ನನ್ನ ಕಥೆ ಅಲುಗಿಸಲಿಲ್ಲ.

“ಅಂವಾ ಹೆಂಗ ನಡೀತಿದ್ದ?” ಎಂದರು.

“ಯಾರು?”

“ಕಿಲ್ಲೇದಾರ.”

ಯಾವ ಕಿಲ್ಲೇದಾರ ಹೇಗೆ ನಡೆಯುತ್ತಿದ್ದನೋ ನನಗೇನು ಗೊತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. “ಎಡಗಾಲನ್ನು ಸ್ವಲ್ಪ ಹೊರಗೆ ಹಾಕಿ ನಡೆಯುತ್ತಿದ್ದ. ಚಪ್ಪಲಿ ಒಂದೇ ಕಡೆ ಸವೆಯುತ್ತಿತ್ತು.”

ಎದುರಿಗೆ ಯಾರೂ ಇರಲಿಲ್ಲ.

ನಾನು ಗೋಡೆಗೆ ಹೇಳುತ್ತ ಹೋದೆ. ಕಿಲ್ಲೇದಾರನ ಬೆರಳುಗಳಲ್ಲಿ ತಾಮ್ರದ ತಂತಿ ಕೊಯ್ದ ಗೀರುಗಳಿದ್ದವು. ಮೈಯಿಂದ ವಾರ್ನಿಶ್ ವಾಸನೆ ಬರುತ್ತಿತ್ತು. ಚಹಾಕ್ಕೆ ಬೆಲ್ಲ ಜಾಸ್ತಿ ಬೇಕಿತ್ತು. ಎಂ.ಎ. ಎಂದು ಹೇಳಲು ಬರುತ್ತಿರಲಿಲ್ಲ, ಅಥವಾ ಬೇಕೆಂದೇ ಹೇಳುತ್ತಿರಲಿಲ್ಲ. ಬುರುಜಿನಿಂದ ಬುರುಜಿಗೆ ಕೊಡ ಹೊತ್ತು ಹೋದಾಗ ಸಿಪಾಯಿಗಳನ್ನು ನಗಿಸುತ್ತಿದ್ದ. ಹೀಗೆ ಹೇಳುತ್ತ ಹೇಳುತ್ತ ಕಿಲ್ಲೇದಾರನ ಕಣ್ಣು ಹಳದಿಯಾಯಿತು ಎಂದುಬಿಟ್ಟೆ.

ಆಗ ತಿಳಿಯಿತು, ಈ ಕಥೆಗೆ ಹೋಗಲು ಇನ್ನು ಒಂದೇ ದಾರಿ ಉಳಿದಿದೆ.

ನಾನು ಅತ್ತ ಹೋಗಲಿಲ್ಲ. ಕಿಲ್ಲೇದಾರನನ್ನು ಮತ್ತೆ ಲಾಯಕ್ಕೆ ಕಳಿಸಿದೆ, ಕುದುರೆ ಎಣಿಸಿಸಿದೆ. ಮದ್ದಿನ ಮನೆಯ ಬೀಗ ನೋಡಿಬರಲು ಹಚ್ಚಿದೆ. ಅವನ ಮದುವೆ ಮಾಡಿದೆ, ಮದುವೆಯ ಊಟದ ಒಂದೊಂದು ಪದಾರ್ಥ ಬಡಿಸಿದೆ. ಬಿಸಿಲು ಇಳಿಯಿತು. ಗಂಟಲು ಒಣಗಿತು. ನೀರಿಗೆ ಬಂದವರು ತಮ್ಮ ಕೆಲಸ ಬಿಟ್ಟು ಸುತ್ತ ನಿಂತಿದ್ದರು. ಹೇಳುವವಳನ್ನು ಮಾತನಾಡಿಸುವ ಹಾಗಿಲ್ಲ. ಕೊಡ ಎಂದೋ ತುಂಬಿರಬೇಕು. ಮುದುಕರು ಒಳಗೇ ಇದ್ದರು. ನಾನು ಮುಗಿಸದೆ ಅವರಿಗೆ ಬಿಡುಗಡೆಯಿಲ್ಲ.

ಹೊತ್ತಾದರೂ ಯಾರೂ ಬಾರದ್ದನ್ನು ಕಂಡು ಅತ್ತೆ ಮಂಡಿ ಹಿಡಿದುಕೊಂಡು ಬಂದಳು. ಒಂದು ಗಳಿಗೆ ನಿಂತು ಕೇಳಿದಳು. ಯಾವ ಕಿಲ್ಲೇದಾರ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಗೋಡೆಗೆ ಕೈ ಊರಿದಳು.

“ಜೈನರ ಮನಷ್ಯಾ. ಹೊತ್ತು ಮುಳಗಿದ್ರ ಒಂದು ತುತ್ತು ಮುಟ್ಟಂಗಿಲ್ಲ. ನಾ ಅಡಗಿ ಮಾಡಿಟ್ಟು ಬಂದೀನಿ. ಮಂದೀನ ಉಪಾಸ ಕೆಡವಿದ ಮನಿ ಅನ್ನಿಸಿಕೊಳ್ಳೂದು ಬ್ಯಾಡ.”

“ನಿಂಬೆಕ್ಕಾ, ಹೇಳಾಕಿ ಜೋಡಿ ಮಾತಾಡಬಾರದು,” ರುದ್ರವ್ವ ಪಿಸುಗುಟ್ಟಿದಳು.

“ಆಕೀ ಜೋಡಿ ಯಾರ ಮಾತಾಡ್ಯಾರ? ನಾ ಗ್ವಾಡಿ ಜೋಡಿ ಮಾತಾಡಾಕತ್ತೀನಿ.” ಅತ್ತೆ ಗೋಡೆಯನ್ನೇ ನೋಡುತ್ತಿದ್ದಳು. “ಮುಗಸು ಅಂತ ಹೇಳಾಕತ್ತೀನಿ, ಗ್ವಾಡೀಗೆ.”

ನಾನು ಮುಗಿಸಿದೆ. ಕಿಲ್ಲೇದಾರ ಪಡಸಾಲೆಯ ಹೊರಸಿನ ಮೇಲೆ ಮಲಗಿದ. ಸೆಖೆ ಎಂದ. ಅವನ ಹೆಂಡತಿ ಕಿಟಕಿ ತೆರೆಯಲು ಎದ್ದಳು. ಅವನ ತಾಯಿ ಗಿಂಡಿಯಲ್ಲಿ ನೀರು ತಂದು ಬಾಯಿಗೆ ಹಿಡಿದಳು. ಅವನು ಕುಡಿದ. ಏನೋ ಅಂದ. ಆಮೇಲೆ ಸತ್ತ.

ಆ ಕೊನೆಯ ಶಬ್ದ ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಧರಣೇಂದ್ರಯ್ಯನವರು ಎದುರಿಗಿದ್ದರು. ಕೊಡ ಅಂಚಿನವರೆಗೆ ತುಂಬಿತ್ತು. ಸೂರ್ಯ ಆಗಲೇ ಮುಳುಗಿದ್ದ. ರುದ್ರವ್ವ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. “ಸಿಹಿ ಐತಿ. ಇವರ ಜಾಗಾ ಇವರದ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಹತ್ತಿರ ಹೋಗಿ, “ಏನ್ ಕಂಡ್ರಿ?” ಎಂದಳು.

“ಹೊಂಡ ಕಾಣಲಿಲ್ಲವ್ವಾ ನನಗ. ನಿಮ್ಮ ಪಡಸಾಲಿ ಕಂಡೆ. ನೀರು ಹಿತ್ತಲದಾಗಿನ ಹಂಡೇದಾಗಿಂದ ತುಂಬಕೊಂಡೆ. ನೀ ಗಿಂಡಿ ಹಿಡಕೊಂಡು ನಿಂತಿದ್ದಿ.”

“ನನ್ನ ಮಗಾ?”

“ಕುಡದ. ನಿನ್ನ ಮಾರಿ ನೋಡಿ ಏನೋ ಅಂದ.”

“ಏನಂದ?” ಅತ್ತೆ ಅವರ ತೋಳು ಹಿಡಿದಿದ್ದಳು. “ನಾ ಆವಾಗ ಬಾಯಿ ಮಾಡಿ ಅಳಾಕತ್ತಿದ್ದೆರೀ. ನನಗ ಕೇಳಲಿಲ್ಲ. ಈಕೀನೂ ಕಿಡಕೀ ಕಡೆ ಹೋಗಿದ್ಲು. ಏನಂದ ಹೇಳ್ರಿ.”

ಅವರು ಏನು ಬೇಕಾದರೂ ಹೇಳಬಹುದಿತ್ತು. ಸುತ್ತ ನಿಂತವರೆಲ್ಲ ಅದನ್ನೇ ಕಾಯುತ್ತಿದ್ದರು. ಅವರಲ್ಲಿ ಯಾರೇ ಆಗಿದ್ದರೂ ಆ ತಾಯಿಗೊಂದು ಒಳ್ಳೆಯ ಮಾತನ್ನು ಕಟ್ಟಿಕೊಡುತ್ತಿದ್ದರು. ಆ ಮುದುಕರು ದಿನವಿಡೀ ನಿಂತು ದಣಿದಿದ್ದರು, ಹಸಿದಿದ್ದರು. ಕಣ್ಣು ಮುಚ್ಚಿ ನೆನಪಿಸಿಕೊಂಡರು.

“ನಾ ಹಿತ್ತಲ ಬಾಗಲದಾಗ ಇದ್ದೆವ್ವಾ. ದೂರ. ತುಟಿ ಅಲುಗಿದ್ದು ಕಂಡೆ, ಮಾತು ತಿಳೀಲಿಲ್ಲ,” ಎಂದರು.

ಅತ್ತೆ ಅವರ ತೋಳು ಬಿಟ್ಟಳು. ನಾನು ಅವರ ಪುಸ್ತಕಕ್ಕೆ ಕೊಟ್ಟ ಗೌರವವೆಲ್ಲ ಅಂದು ಅವರಿಗೆ ಸಂದಿತು.

ರಾತ್ರಿ ಅವರು ಉಣ್ಣಲಿಲ್ಲ. ಬೆಳಿಗ್ಗೆ ಸಿಹಿ ನೀರಿನಲ್ಲಿ ಕಲಸಿದ ರೊಟ್ಟಿ ತಿಂದು, ಬುತ್ತಿ ಕಟ್ಟಿಸಿಕೊಂಡು ಹೊರಟರು. ಮುಂದೆ ಅವರ ಇನ್ನೊಂದು ಪುಸ್ತಕ ಬಂತು. ಒಂದು ಪ್ರತಿ ನನಗೂ ಬಂತು. ಅದರಲ್ಲಿ ನಮ್ಮ ಕೋಟೆಗೆ ಅರ್ಧ ಪುಟ. ಬಾಗಿಲಿಲ್ಲ ಎಂದಿದೆ, ನೀರು ಸಿಹಿ ಎಂದಿದೆ, ಅಗಸಿ ಚಟ್ನಿಯ ಹೆಸರಿದೆ. ಒಳಗೆ ಕಂಡದ್ದು ಆ ಊರಿನವರದು, ಅವರನ್ನೇ ಕೇಳಬೇಕು ಎಂದಿದೆ. ಅದನ್ನೂ ಯಾರೂ ಓದಿದಂತಿಲ್ಲ. ಹಾಗಾಗಿ ಇದನ್ನು ಬರೆದೆ.

ಅವರು ಹೋಗಿ ಎರಡು ದಿನವಾಯಿತು. ಅದರ ಮುಂದಿನ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಹೊಸ್ತಿಲಲ್ಲಿ ಕೋಲು ಹಿಡಿದು ಕೂತಿದ್ದಳು.

“ನಡೀ. ನನಗ ಹೇಳು,” ಎಂದಳು.

ಕೊಡ ಯಾರು ಹೊರುತ್ತಾರೆ ಎಂದು ಕೇಳಬೇಕೆಂದಿದ್ದೆ. ಅವಳ ಕೈಯಲ್ಲಿ ಕೊಡವಿರಲಿಲ್ಲ.

ಗೋಡೆಯ ಬುಡದಲ್ಲಿ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ನೇರವಾಗಿ ಪಡಸಾಲೆಗೇ ಬಂದೆ. ಹೊರಸು ಎನ್ನುವಾಗಲೇ ಅವಳಿರಲಿಲ್ಲ. ಗಿಂಡಿಯ ನೀರು ಕುಡಿಸಿದೆ. ತಾಯಿ ಅಳಲಿಲ್ಲ, ಕಿವಿಗೊಟ್ಟು ನಿಂತಳು ಎಂದೆ. ಅವನು ಏನೋ ಅಂದ ಎಂದೆ. ಗೋಡೆಯ ಮೇಲೆ ಬಿಸಿಲು ಏರುವುದನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಮೇಲೆ ಮುಗಿಸಿದೆ.

ಅತ್ತೆ ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡಳು.

“ಕೇಳಿಸ್ತೇನತ್ತೀ?”

“ಕೇಳಿಸ್ತು. ‘ಗಿಂಡಿ ತೆಳಗ ಇಡಬೇ ಯವ್ವಾ, ಕೈ ನೊಂದಾವು’ ಅಂದಾನ.” ಅವಳು ತನ್ನ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಆಮೇಲೆ ನನ್ನನ್ನು ತಳ್ಳಿದಳು. “ಏಳು, ಆ ಜಾಗಾ ನನ್ನದು. ನೀ ನಿಂದ್ರು. ನೀ ಅಂವನ್ನ ಎಷ್ಟ ದಿನಾ ನೋಡೀದಿ? ಮದಿವ್ಯಾದ ಮ್ಯಾಲಿಂದಷ್ಟ ನಿನಗ ಗೊತ್ತು.”

“ನನಗೆ ಕಥೆ ಹಿಡಿಯುವುದಿಲ್ಲತ್ತೀ.”

“ಬಾಯಿ ಮುಚಗೊಂಡು ಕೇಳು. ಕಿಲ್ಲೇದಾರ ಸಣ್ಣಾಂವಿದ್ದಾಗ ಮಣ್ಣು ತಿಂತಿದ್ದ. ನಾ ಕಣ್ಣು ತಪ್ಪಿಸೂದ ತಡಾ, ಗ್ವಾಡಿ ಕೆರ‍್ಕೊಂಡು ತಿಂತಿದ್ದ ಹುಚ್ಚಪ್ಯಾಲಿ. ಒಂದಿನಾ ಏನಾತಂದ್ರ...”

ಏನಾಯಿತೆಂದು ನನಗೆ ಗೊತ್ತಿರಲಿಲ್ಲ. ಅವನೂ ಹೇಳಿರಲಿಲ್ಲ. “ಏನಾಯಿತು?” ಎಂದೆ. ಕಾಲಿಗೆ ತಣ್ಣಗೆ ನೀರು ತಾಗಿತು.